‘ಎಚ್’ ಅಕ್ಷರದ ಹಾಡುಗಳು, ಎರಡೆರಡು ಕಂಠಗಳಲ್ಲಿ

12 ಸೆಪ್ಟೆಂಬರ್ 2024, ಗುರುವಾರ

ಅಮೆರಿಕದ ಗಾಯಕ ಜಾನಿ ಕ್ಯಾಶ್ ತೀರಿಕೊಂಡು ಇಂದಿಗೆ ಇಪ್ಪತ್ತೊಂದು ವರ್ಷ. ಪಾಶ್ಚಾತ್ಯ ಪಾಪ್ ಮತ್ತು ರಾಕ್ ಹಾಡುಗಳನ್ನು ಶೀರ್ಷಿಕೆಯ ಮೊದಲ ಅಕ್ಷರದ ಪ್ರಕಾರ ಪಟ್ಟಿ ಮಾಡುತ್ತ ಬಂದಿರುವ ನಾನು ‘ಎಚ್’ ತಲುಪುವ ಹೊತ್ತಿಗೆ ಈ ದಿನವೂ ಕೂಡಿ ಬಂದದ್ದರಿಂದ, ಅವರು ಹಾಡಿದ ‘ಹರ್ಟ್’ನಿಂದಲೇ ಆರಂಭಿಸುತ್ತೇನೆ. ಈ ಅಕ್ಷರದಲ್ಲಿ ಹೆಸರಾದ ಹಾಡುಗಳಿಗೆ ಬರವಿಲ್ಲ. ಆದರೆ ಬರೆದಿಟ್ಟುಕೊಂಡವನ್ನೆಲ್ಲ ಒಟ್ಟಿಗೆ ನೋಡಿದಾಗ, ನನಗೆ ಹೆಚ್ಚು ಪ್ರಿಯವಾದವು ಮೊದಲು ಹಾಡಿದವರ ಬಳಿಯಲ್ಲೇ ಉಳಿಯದೆ ಇನ್ನೊಬ್ಬರ ಕಂಠಕ್ಕೆ ಹೋಗಿ ಬೇರೆಯೇ ಬದುಕು ಪಡೆದಂಥವು ಎಂಬುದು ಕಂಡಿತು. ಹೀಗಾಗಿ ಈ ಸಲ ಪ್ರತಿ ಹಾಡಿಗೂ ಎರಡು ಧ್ವನಿಮುದ್ರಣಗಳನ್ನು ಸೂಚಿಸುತ್ತಿದ್ದೇನೆ.

‘ಹರ್ಟ್’ ಹಾಡನ್ನು ಬರೆದವರು ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ ಟ್ರೆಂಟ್ ರೆಜ್ನರ್. 1994ರಲ್ಲಿ ಬಂದ ‘ದ ಡೌನ್‌ವರ್ಡ್ ಸ್ಪೈರಲ್’ ಆಲ್ಬಂನ ಕೊನೆಯ ಹಾಡು ಇದು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅವರ ಗಿಟಾರಿನಲ್ಲಿ ಬೇಕೆಂದೇ ಇಟ್ಟ ಒಂದು ಅಪಸ್ವರವಿದೆ, ಕಿವಿಗೆ ಹಿತವಾಗಬಾರದು ಎಂಬಂತೆ ಅದು ಮತ್ತೆ ಮತ್ತೆ ಚುಚ್ಚುತ್ತದೆ. ಹಾಡು ಕೊನೆಯಲ್ಲಿ ಕರ್ಕಶವಾದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಎಪ್ಪತ್ತರ ಕ್ಯಾಶ್, ನಿರ್ಮಾಪಕ ರಿಕ್ ರೂಬಿನ್ ಅವರ ಸೂಚನೆಯಂತೆ ಅದೇ ಹಾಡನ್ನು 2002ರಲ್ಲಿ ಹಾಡಿದಾಗ ಆ ಅಪಸ್ವರ ಹೋಗಿ ಸರಳ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಉಳಿದವು, ಸಾಹಿತ್ಯದಲ್ಲಿ ಒಂದು ಬೈಗುಳದ ಜಾಗಕ್ಕೆ ‘ಮುಳ್ಳು’ ಎಂಬ ಪದ ಬಂದಿತು. ಅಷ್ಟಕ್ಕೇ, ಯುವಕನೊಬ್ಬ ತನ್ನ ಮೇಲೆ ತಾನೇ ಹಗೆ ಸಾಧಿಸುವ ಹಾಡು, ಮುದುಕನೊಬ್ಬ ತನ್ನ ಜೀವಮಾನದ ಲೆಕ್ಕ ಒಪ್ಪಿಸುವ ಹಾಡಾಗಿಬಿಟ್ಟಿತು. ಕೊನೆಯ ಭಾಗದಲ್ಲಿ ಪಿಯಾನೊ ಒಂದೇ ಸ್ವರವನ್ನು ಬಿಡದೆ ಬಡಿಯುತ್ತ ಏರುವುದನ್ನು ಗಮನಿಸಿ ಕೇಳಬೇಕು. ಮಾರ್ಕ್ ರೊಮಾನೆಕ್ ನಿರ್ದೇಶಿಸಿದ ವಿಡಿಯೊದಲ್ಲಿ, ಆಗಲೇ ಬಾಗಿಲು ಮುಚ್ಚಿದ್ದ ಕ್ಯಾಶ್ ವಸ್ತುಸಂಗ್ರಹಾಲಯವೂ, ಗಂಡನನ್ನೇ ನೋಡುತ್ತ ನಿಂತ ಜೂನ್ ಕಾರ್ಟರ್ ಅವರೂ ಕಾಣುತ್ತಾರೆ. ಆಕೆ 2003ರ ಮೇ ತಿಂಗಳಲ್ಲಿ ತೀರಿಕೊಂಡರು, ನಾಲ್ಕು ತಿಂಗಳ ಬಳಿಕ ಕ್ಯಾಶ್. ವಿಡಿಯೊ ನೋಡಿದ ರೆಜ್ನರ್, ಈ ಹಾಡು ಇನ್ನು ತನ್ನದಲ್ಲ ಎಂಬರ್ಥದ ಮಾತನ್ನಾಡಿದರು. ನನ್ನ ಮಟ್ಟಿಗೆ ಮೂಲವೇನೂ ಸೋತಿಲ್ಲ. ಕ್ಯಾಶ್ ಹಾಡಿದ್ದನ್ನು ಮಾತ್ರ ಕೇಳಿದವರು ಆ ಅಪಸ್ವರದ ಧೈರ್ಯವನ್ನು ಕಳೆದುಕೊಂಡಿದ್ದಾರೆ.

ದಾಸರ ಪದವೊಂದನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದು ರಾಗದಲ್ಲಿ ಹಾಡುವುದನ್ನು ಕೇಳುತ್ತ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನೂ ತೋರದು. ಆದರೆ ರಾಕ್ ಸಂಗೀತದಲ್ಲಿ, 1960ರ ದಶಕದಿಂದೀಚೆಗೆ, ತಾನು ಬರೆದದ್ದನ್ನು ತಾನೇ ಹಾಡುವವರೇ ನಿಜವಾದ ಕಲಾವಿದರು ಎಂಬ ನಂಬಿಕೆ ಬೇರುಬಿಟ್ಟಿತು. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದಕ್ಕಿರುವ ‘ಕವರ್’ ಎಂಬ ಮಾತಿನಲ್ಲಿ ಇಂದಿಗೂ ಸ್ವಲ್ಪ ಉಪೇಕ್ಷೆ ಉಳಿದಿದೆ.

ಆ ಉಪೇಕ್ಷೆಗೆ ನ್ಯಾಯವಾದ ಕಾರಣವೂ ಇಲ್ಲದಿಲ್ಲ, ಅದಕ್ಕೆ ‘ಹೌಂಡ್ ಡಾಗ್’ ಸಾಕ್ಷಿ. ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಎಂಬ ಹತ್ತೊಂಬತ್ತರ ಹುಡುಗರಿಬ್ಬರು 1952ರಲ್ಲಿ ಇದನ್ನು ಬರೆದದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿಗಾಗಿ. ತನ್ನ ದುಡ್ಡಿನಲ್ಲಿ ತಿಂದುಂಡು ತಿರುಗುವ ಗಂಡಸನ್ನು ಹೆಂಗಸೊಬ್ಬಳು ಮನೆಯಿಂದಾಚೆ ಅಟ್ಟುವ ಹಾಡು ಅದು. ಥಾರ್ನ್‌ಟನ್ ಅದನ್ನು ಗುಡುಗುತ್ತ, ಗುರುಗುಟ್ಟುತ್ತ, ನಡುನಡುವೆ ನಕ್ಕು ಹಾಡುತ್ತಾರೆ. 1953ರಲ್ಲಿ ಬಿಡುಗಡೆಯಾಗಿ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿಯ ತುದಿಯಲ್ಲಿ ಏಳು ವಾರ ನಿಂತರೂ ಆಕೆಗೆ ದಕ್ಕಿದ ಹಣ ತೀರಾ ಅಲ್ಪ. ಲಾಸ್ ವೇಗಸ್‌ನ ತಂಡವೊಂದು ಸಾಹಿತ್ಯವನ್ನು ತಿದ್ದಿ ತಮಾಷೆಯ ಹಾಡಾಗಿಸಿದ್ದನ್ನು ಕೇಳಿ ಎಲ್ವಿಸ್ ಪ್ರೆಸ್ಲಿ ಎತ್ತಿಕೊಂಡರು. 1956ರ ಅವರ ಧ್ವನಿಮುದ್ರಣದಲ್ಲಿ ಗಂಡಸು ಮಾಯವಾಗಿ, ಮೊಲ ಹಿಡಿಯಲಾರದ ನಿಜವಾದ ನಾಯಿಯೇ ಉಳಿದಿದೆ. ಡಿ.ಜೆ. ಫೊಂಟಾನಾ ಅವರ ಡ್ರಮ್ ಉರುಳಿಕೆಗಳು ಅದ್ಭುತ, ಎಲ್ವಿಸ್ ಅವರ ಆವೇಶವೂ ಸುಳ್ಳಲ್ಲ. ಆದರೆ ಹಾಡಿನ ತಿರುಳು ಥಾರ್ನ್‌ಟನ್ ಬಳಿಯೇ ಇದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

‘ಹೇ ಜೋ’ ಇದಕ್ಕೆ ವಿರುದ್ಧವಾದ ಪ್ರಕರಣ. ಬಿಲ್ಲಿ ರಾಬರ್ಟ್ಸ್ ಎಂಬ ಜಾನಪದ ಗಾಯಕರು 1962ರಲ್ಲಿ ಹಕ್ಕು ನೋಂದಾಯಿಸಿದ ಈ ಹಾಡನ್ನು ಲಾಸ್ ಏಂಜಲೀಸ್‌ನ ದ ಲೀವ್ಸ್ ತಂಡ ಎಲ್ಲಿಲ್ಲದ ಆತುರದಲ್ಲಿ ಹಾಡಿ ಜನಪ್ರಿಯಗೊಳಿಸಿತ್ತು, ಟಿಮ್ ರೋಸ್ ಅದರ ಗತಿಯನ್ನು ಇಳಿಸಿದ್ದರು. ಅನಿಮಲ್ಸ್ ತಂಡದ ಬಾಸ್ ವಾದಕ ಚಾಸ್ ಚಾಂಡ್ಲರ್, ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಕಂಡ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರನ್ನು 1966ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಕರೆತಂದರು. ಆ ವರ್ಷದ ಕೊನೆಯಲ್ಲಿ ಬಂದ ಹೆಂಡ್ರಿಕ್ಸ್ ಅವರ ಮೊದಲ ಸಿಂಗಲ್ ಇದೇ. ಹೆಂಡತಿಯನ್ನು ಗುಂಡಿಟ್ಟು ಕೊಂದು ಮೆಕ್ಸಿಕೊದತ್ತ ಓಡುವವನ ಕತೆಯಿದು, ಮುಜುಗರ ಹುಟ್ಟಿಸುವ ವಸ್ತು. ಲೀವ್ಸ್ ಅದರ ಮೇಲೆ ಕುಣಿಯುತ್ತದೆ. ಹೆಂಡ್ರಿಕ್ಸ್ ಅವರ ನಿಧಾನಗತಿಯಲ್ಲಿ ಮಾತ್ರ ನಡೆದದ್ದರ ಭಾರ ಕೇಳುವವರಿಗೆ ತಟ್ಟುತ್ತದೆ. 1969ರ ವುಡ್‌ಸ್ಟಾಕ್ ಉತ್ಸವದ ಕೊನೆಯ ಬೆಳಿಗ್ಗೆ, ಬಹುಪಾಲು ಜನ ಮನೆಯ ದಾರಿ ಹಿಡಿದ ಮೇಲೆ, ಅವರು ಮುಗಿಸಿದ್ದೂ ಈ ಹಾಡಿನಿಂದಲೇ.

‘ಹೇ ಜೂಡ್’ ಬೀಟಲ್ಸ್ ಹಾಡೆಂದು ಯಾರಿಗೂ ಹೇಳಬೇಕಾಗಿಲ್ಲ. ತಂದೆ ತಾಯಿ ಬೇರೆಯಾಗುತ್ತಿದ್ದ ಹೊತ್ತಿನಲ್ಲಿ ಜಾನ್ ಲೆನನ್ ಅವರ ಮಗ ಜೂಲಿಯನ್‌ನನ್ನು ಸಂತೈಸಲು ಪಾಲ್ ಮೆಕಾರ್ಟ್ನಿ ಕಟ್ಟಿದ, ಏಳು ನಿಮಿಷ ಮೀರಿದ ಈ ಹಾಡು 1968ರ ಆಗಸ್ಟಿನಲ್ಲಿ ಬಂದಿತು. ಕೆಲವೇ ತಿಂಗಳಲ್ಲಿ ಅಲಬಾಮದ ಮಸಲ್ ಶೋಲ್ಸ್‌ನಲ್ಲಿ ವಿಲ್ಸನ್ ಪಿಕೆಟ್ ಇದನ್ನು ಹಾಡಿದರು, ಹಾಗೆ ಒತ್ತಾಯಿಸಿದವರು ಇನ್ನೂ ಹೆಸರು ಮಾಡದಿದ್ದ ಗಿಟಾರ್ ವಾದಕ ಡುಏನ್ ಆಲ್ಮನ್. ಬೀಟಲ್ಸ್ ಸಭಿಕರೆಲ್ಲರನ್ನೂ ಕೂಡಿಸಿಕೊಂಡು ಹಾಡುವ ಕೊನೆಯ ಭಾಗದಲ್ಲಿ ಪಿಕೆಟ್ ಚೀರುತ್ತಾರೆ, ಆಲ್ಮನ್ ಗಿಟಾರಿನಲ್ಲೇ ಆ ಚೀರಿಗೆ ಉತ್ತರ ಕೊಡುತ್ತಾರೆ. ಸಾಂತ್ವನ ಬೇಕಾದ ದಿನ ಮೂಲವನ್ನೇ ಹಾಕುತ್ತೇನೆ. ಆದರೆ ಗಿಟಾರ್ ಕಲಿಯುವವರಿಗೆ ನನ್ನ ಶಿಫಾರಸು ಪಿಕೆಟ್.

‘ಹಲ್ಲೆಲೂಯ’ ಕುರಿತು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಲಿಯೊನಾರ್ಡ್ ಕೊಹೆನ್ ವರ್ಷಗಟ್ಟಲೆ ಚರಣಗಳನ್ನು ಬರೆದು ಹೊಡೆದುಹಾಕಿ 1984ರಲ್ಲಿ ‘ವೇರಿಯಸ್ ಪೊಸಿಷನ್ಸ್’ ಆಲ್ಬಂನಲ್ಲಿ ಇದನ್ನು ಹಾಡಿದಾಗ, ಅವರ ಸ್ವಂತ ಕಂಪನಿಯೇ ಆ ಆಲ್ಬಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲಿಲ್ಲ. ಮೊದಲ ಚರಣದಲ್ಲಿ ದಾವೀದ ರಾಜನ ಸಂಗೀತವನ್ನು ಹೇಳುತ್ತ, ಹಾಡು ತನ್ನ ಕಾರ್ಡುಗಳನ್ನು ತಾನೇ ಹೆಸರಿಸುತ್ತದೆ: ನಾಲ್ಕನೆಯದು, ಐದನೆಯದು ಎಂದಾಗ ವಾದ್ಯವೂ ಅಲ್ಲಿಗೇ ಹೋಗುತ್ತದೆ, ಮೈನರ್ ಎಂದಾಗ ಮೈನರ್‌ಗೆ ಇಳಿಯುತ್ತದೆ. ಕೊಹೆನ್ ಅವರ ಮುದ್ರಣದಲ್ಲಿ ಈ ಸೂಕ್ಷ್ಮವನ್ನು ಆ ಕಾಲದ ಸಿಂಥಸೈಜರ್ ಮತ್ತು ಹಿನ್ನೆಲೆಯ ಗಾಯಕವೃಂದ ಸಾಕಷ್ಟು ಮುಚ್ಚಿವೆ. 1991ರಲ್ಲಿ ಜಾನ್ ಕೇಲ್ ಅವರು ಕೊಹೆನ್ ಕಳುಹಿಸಿದ ಪುಟಗಟ್ಟಲೆ ಚರಣಗಳಿಂದ, ಬೈಬಲ್ಲಿನ ಭಾರ ಕಡಿಮೆಯಿದ್ದು ಮೈಮನಸ್ಸಿನ ಮಾತು ಹೆಚ್ಚಿದ್ದವನ್ನು ಆರಿಸಿ, ಬರೀ ಪಿಯಾನೊ ಜೊತೆ ಹಾಡಿದರು. ಕೇಲ್ ಹಾಡಿದ್ದನ್ನು ಕೇಳಿ ಕಲಿತವರು ಜೆಫ್ ಬಕ್ಲಿ. 1994ರ ‘ಗ್ರೇಸ್’ ಆಲ್ಬಂನಲ್ಲಿ ಒಂದು ನಿಟ್ಟುಸಿರಿನಿಂದ ಶುರುವಾಗುವ ಅವರ ಹಾಡು ಒಂದೇ ಗಿಟಾರಿನ ಆಸರೆಯಲ್ಲಿ ಹೆಚ್ಚುಕಡಿಮೆ ಏಳು ನಿಮಿಷ ಸಾಗುತ್ತದೆ. 1997ರಲ್ಲಿ ಮೆಂಫಿಸ್‌ನಲ್ಲಿ ನದಿಯಲ್ಲಿ ಮುಳುಗಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತು. ಆನಂತರ ಟಿವಿ ಸ್ಪರ್ಧೆಗಳವರು ಈ ಹಾಡನ್ನು ಹಿಂಡಿ ಹಿಪ್ಪೆ ಮಾಡಿದರು. 2008ರ ಕ್ರಿಸ್‌ಮಸ್ ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಸ್ಪರ್ಧೆ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಮೊದಲ ಸ್ಥಾನದಲ್ಲೂ, ಬಕ್ಲಿ ಎರಡನೆಯ ಸ್ಥಾನದಲ್ಲೂ ಇದ್ದದ್ದು ಇದೇ ಹಾಡಿನಿಂದ. ನಾನಂತೂ ಬಕ್ಲಿಗಿಂತ ಕೇಲ್ ಅವರನ್ನು ಒಂದು ಮೆಟ್ಟಿಲು ಮೇಲಿಡುತ್ತೇನೆ, ಏಕೆಂದರೆ ಅವರು ಅಳುವುದಿಲ್ಲ.

ಸ್ಟೀವಿ ವಂಡರ್ ಅವರ ‘ಹೈಯರ್ ಗ್ರೌಂಡ್’ 1973ರದು, ಎಲ್ಲ ವಾದ್ಯಗಳನ್ನೂ ಅವರೇ ನುಡಿಸಿದ್ದಾರೆ. ಪುನರ್ಜನ್ಮದ ಮಾತನ್ನಾಡುವ ಈ ಹಾಡನ್ನು ಧ್ವನಿಮುದ್ರಿಸಿದ ಕೆಲವೇ ತಿಂಗಳಲ್ಲಿ ಅವರು ಕಾರು ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಗೆಳೆಯರೊಬ್ಬರು ಕಿವಿಯ ಬಳಿ ಇದನ್ನೇ ಹಾಡಿದರೆಂದೂ ಅವರ ಬೆರಳುಗಳು ತಾಳಕ್ಕೆ ಅಲುಗಿದವೆಂದೂ ಹೇಳುತ್ತಾರೆ. ರೆಡ್ ಹಾಟ್ ಚಿಲಿ ಪೆಪ್ಪರ್ಸ್ 1989ರಲ್ಲಿ ಇದನ್ನು ಎತ್ತಿಕೊಂಡಾಗ, ವಂಡರ್ ಅವರ ಕ್ಲಾವಿನೆಟ್ (ಒಂದು ಬಗೆಯ ವಿದ್ಯುತ್ ಕೀಬೋರ್ಡ್) ನುಡಿಸಿದ್ದನ್ನೆಲ್ಲ ಆ ತಂಡದ ಫ್ಲೀ ತಮ್ಮ ಬಾಸ್ ಗಿಟಾರಿನ ಮೇಲೆ ಹೆಬ್ಬೆರಳಿನಿಂದ ಬಡಿದು ಹೊರಡಿಸಿದರು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ಹಾರ್ಡ್ ಟು ಹ್ಯಾಂಡಲ್’ ಓಟಿಸ್ ರೆಡ್ಡಿಂಗ್ ಅವರು ವಿಮಾನಾಪಘಾತದಲ್ಲಿ ಮಡಿದ ಮೇಲೆ 1968ರಲ್ಲಿ ಹೊರಬಂದ ಹಾಡು. 1990ರಲ್ಲಿ ಅವರದೇ ಜಾರ್ಜಿಯಾ ರಾಜ್ಯದ ಬ್ಲ್ಯಾಕ್ ಕ್ರೋಸ್ ಅದನ್ನು ಗಿಟಾರುಗಳಿಗೆ ಹೊಂದಿಸಿದರು. ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’ ದ ನರ್ವ್ಸ್ ಎಂಬ ಸಣ್ಣ ತಂಡದ 1976ರ ಹಾಡು, ಬ್ಲಾಂಡಿ 1978ರಲ್ಲಿ ಅದಕ್ಕೆ ಫೋನಿನ ಗಂಟೆ ಸೇರಿಸಿ ಹಾಡಿದರು. ಇಲ್ಲಿ ಬ್ಲಾಂಡಿಯೇ ಸರಿ, ಚರ್ಚೆಯಿಲ್ಲ.

‘ಹೋಟೆಲ್ ಕ್ಯಾಲಿಫೋರ್ನಿಯಾ’ ಏಕಿಲ್ಲ ಎಂದು ಬೆಂಗಳೂರಿನ ಗೆಳೆಯರು ಕೇಳಿಯೇ ಕೇಳುತ್ತಾರೆ. ಈಗಲ್ಸ್ ತಂಡದ ಆ ಹಾಡಿನಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಷ್ ಅವರ ಕೊನೆಯ ಜೋಡಿ ಗಿಟಾರನ್ನು ಪಬ್‌ಗಳ ತಂಡಗಳೆಲ್ಲ ಒಂದು ಸ್ವರವೂ ಆಚೀಚೆಯಾಗದಂತೆ ಒಪ್ಪಿಸುತ್ತವೆ. ಅದು ನಕಲು, ನಾನು ಹುಡುಕುತ್ತಿರುವುದು ಅದನ್ನಲ್ಲ. ಜಿಪ್ಸಿ ಕಿಂಗ್ಸ್ ಸ್ಪ್ಯಾನಿಷ್‌ನಲ್ಲಿ ಹಾಡಿದ್ದನ್ನು ಬೇಕಾದರೆ ಸೇರಿಸಿಕೊಳ್ಳಬಹುದು. ಇನ್ನು ಡೇವಿಡ್ ಬೋವಿಯವರ ‘ಹೀರೋಸ್’ ಬೇರೆಯವರ ಕೈಗೆ ಸಿಗಲು ಒಪ್ಪದ ಹಾಡು. 1977ರಲ್ಲಿ ಬರ್ಲಿನ್ ಗೋಡೆಯ ಪಕ್ಕದ ಹಾನ್ಸಾ ಸ್ಟುಡಿಯೊದಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕುಗಳನ್ನು ಒಂದಕ್ಕಿಂತ ಒಂದು ದೂರದಲ್ಲಿಟ್ಟು, ಬೋವಿ ದನಿ ಏರಿಸಿದಾಗ ಮಾತ್ರ ದೂರದವು ತೆರೆದುಕೊಳ್ಳುವಂತೆ ಮಾಡಿದ್ದರು. ಆದ್ದರಿಂದ ಕೊನೆಯ ಚರಣಗಳಲ್ಲಿ ಅವರು ಆ ದೊಡ್ಡ ಕೋಣೆಯನ್ನೇ ತುಂಬಿಸಲು ಕೂಗಬೇಕಾಯಿತು. ಪೀಟರ್ ಗೇಬ್ರಿಯಲ್ 2010ರಲ್ಲಿ ಬರೀ ತಂತಿವಾದ್ಯಗಳ ಜೊತೆ ಇದನ್ನು ಬಹಳ ಮೆಲುದನಿಯಲ್ಲಿ ಹಾಡಿದ್ದಾರೆ. ಸೊಗಸಾಗಿಯೇ ಇದೆ, ಆದರೂ ಈ ಒಂದು ಹಾಡಿಗೆ ಮಾತ್ರ ನಾನು ಎರಡನೆಯ ಧ್ವನಿಮುದ್ರಣವನ್ನು ಸೂಚಿಸುವುದಿಲ್ಲ.