ಸ್ಟಾರ್ ಎಣಿಸಿದ್ರೆ ಕಪ್ ಬರುತ್ತಾ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡೋರು ನಮ್ಮ ಗೋಣಿಕೊಪ್ಪ ಕಡೆ ಎಷ್ಟು ಜನ ಇದ್ದಾರೋ ಏನೋ, ನನ್ನ ಕಣ್ಣಿಗಂತೂ ಒಬ್ರೂ ಬಿದ್ದಿಲ್ಲ. ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ ಇದು, ಹೆಲ್ಮೆಟ್ ಹಾಕ್ಕೊಂಡು ಒಬ್ಬರಿಗೊಬ್ರು ಡಿಕ್ಕಿ ಹೊಡೆಯೋದು. ಚಟ ಹತ್ತಿಸಿದ್ದು ಅಟ್ಲಾಂಟಾದಲ್ಲಿರೋ ನನ್ನ ಅತ್ತೆ ಮಗ, ಜಾರ್ಜಿಯಾ ಯೂನಿವರ್ಸಿಟಿ ಟೀಮಿನ ಹುಚ್ಚು ಅಭಿಮಾನಿ. ನಮ್ಮಿಬ್ಬರ ಮಧ್ಯೆ ಮುಗಿಯದ ಜಗಳ ಒಂದಿದೆ: ಹೈಸ್ಕೂಲ್ ಹುಡುಗರಿಗೆ ಕೊಡೋ ಸ್ಟಾರ್ ನೋಡಿ ಕಾಲೇಜ್ ಟೀಮಿನ ಭವಿಷ್ಯ ಹೇಳೋಕಾಗುತ್ತಾ ಇಲ್ವಾ ಅಂತ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಅಲ್ಲಿ 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಅಂತ ಕಂಪನಿಗಳು ಹೈಸ್ಕೂಲ್ ಆಟಗಾರರ ವೀಡಿಯೋ ನೋಡಿ, ಕ್ಯಾಂಪಿಗೆ ಹೋಗಿ, ಹೈಟು ವೇಯ್ಟು ಓಟ ಎಲ್ಲ ಅಳೆದು ಸ್ಟಾರ್ ಕೊಡ್ತಾವೆ. ಐದು ಸ್ಟಾರ್ ಅಂದ್ರೆ ಇಡೀ ದೇಶದಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಹುಡುಗರಿಗೆ ಸಿಗೋದು, 247ನೋರು ಆ ಲೆಕ್ಕ ಇಟ್ಟಿರೋದೇ ಎನ್‌ಎಫ್‌ಎಲ್ (ಅಲ್ಲಿನ ಪ್ರೊಫೆಷನಲ್ ಲೀಗ್) ಟೀಮುಗಳು ಕಾಲೇಜ್ ಹುಡುಗರನ್ನ ಆರಿಸೋ ಡ್ರಾಫ್ಟಿನ ಮೊದಲ ರೌಂಡಲ್ಲಿ 32 ಜನ ಇರ್ತಾರೆ ಅಂತ. ಆಮೇಲೆ ನಾಲ್ಕು ಸ್ಟಾರಿನವರು ಕೆಲವು ನೂರು, ಮೂರು ಸ್ಟಾರಿನವರು ರಾಶಿ ರಾಶಿ. ಯಾವ ಕಾಲೇಜಿಗೆ ಎಂಥ ಹುಡುಗರು ಸೈನ್ ಮಾಡಿದ್ರು ಅಂತ ಕೂಡಿಸಿ ಕಾಲೇಜಿಗೂ ಒಂದು ರ‍್ಯಾಂಕು. ಹದಿನೇಳು ವರ್ಷದ ಹುಡುಗ ಯಾವ ಕಾಲೇಜಿನ ಟೋಪಿ ಎತ್ತಿ ತಲೆಗೆ ಹಾಕ್ಕೋತಾನೆ ಅನ್ನೋದನ್ನ ಲೈವ್ ತೋರಿಸ್ತಾರೆ ಮಾರಾಯ್ರೇ, ನಮ್ಮಲ್ಲಿ ಸಿಇಟಿ ರಿಸಲ್ಟಿಗೂ ಅಷ್ಟು ಗಲಾಟೆ ಇಲ್ಲ.

ಅತ್ತೆ ಮಗನ ವಾದ ಸಿಂಪಲ್. ಸ್ಟಾರ್ ಇರೋರೇ ಗೆಲ್ಲೋದು. ಅವನ ಹತ್ರ ಸಾಕ್ಷಿನೂ ಇದೆ. ಬಡ್ ಎಲಿಯಟ್ ಅನ್ನೋ ಪತ್ರಕರ್ತರು ಬ್ಲೂ ಚಿಪ್ ರೇಷಿಯೋ ಅಂತ ಒಂದು ಲೆಕ್ಕ ಹುಟ್ಟು ಹಾಕಿದ್ರು: ಕಳೆದ ನಾಲ್ಕು ವರ್ಷ ಸೈನ್ ಮಾಡಿದ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಾಲ್ಕು ಅಥವಾ ಐದು ಸ್ಟಾರಿನವರಾ, ಇಷ್ಟೇ ಪ್ರಶ್ನೆ. ದೊಡ್ಡ ಡಿವಿಷನ್ನಿನಲ್ಲಿ 130ಕ್ಕೂ ಹೆಚ್ಚು ಟೀಮ್ ಇವೆ, ಈ ಗೆರೆ ದಾಟೋದು ವರ್ಷಕ್ಕೆ ಹದಿನೈದೋ ಹದಿನೆಂಟೋ. ರ‍್ಯಾಂಕಿಂಗ್ ನೆಟ್ಟಗೆ ಸಿಗೋಕೆ ಶುರುವಾದಾಗಿಂದ 2024ರ ಸೀಸನ್ ವರೆಗೂ ಚಾಂಪಿಯನ್ ಆದೋರೆಲ್ಲ ಈ ಗೆರೆ ದಾಟಿದೋರೇ. ಅಲಬಾಮಾದಲ್ಲಿ ನಿಕ್ ಸೇಬನ್ 2009ರಿಂದ 2020ರೊಳಗೆ ಆರು ಸಲ ಕಪ್ ಎತ್ತಿದ್ರು, ಆ ಕಾಲದಲ್ಲಿ ರಿಕ್ರೂಟಿಂಗ್ ಲಿಸ್ಟಿನ ತುದೀಲಿ ಹೆಚ್ಚು ಕಡಿಮೆ ಅವರ ಹೆಸರೇ. 2023ರ ಜನವರಿ ಫೈನಲಲ್ಲಿ ಟಿಸಿಯು ಅನ್ನೋ ಟೀಮು, ಪಾಪ ಸ್ಟಾರ್ ಕಡಿಮೆ ಇದ್ರೂ ಫೈನಲ್ ವರೆಗೂ ಬಂದಿತ್ತು, ಅದನ್ನ ಜಾರ್ಜಿಯಾ 65-7ರಲ್ಲಿ ಚಚ್ಚಿ ಹಾಕ್ತು. ಅತ್ತೆ ಮಗ ಆ ಸ್ಕೋರನ್ನ ಇವತ್ತಿಗೂ ಮೆಸೇಜ್ ಮಾಡ್ತಾನೆ. ಆದ್ರೆ ಆವತ್ತು ಜಾರ್ಜಿಯಾ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಯಾರು? ಸ್ಟೆಟ್ಸನ್ ಬೆನೆಟ್, ಸ್ಕಾಲರ್‌ಶಿಪ್ಪೇ ಇಲ್ಲದೆ ವಾಕ್‌-ಆನ್ ಆಗಿ ಟೀಮಿಗೆ ಬಂದಿದ್ದ ಹುಡುಗ! ಇದಕ್ಕೆ ಅವನ ಹತ್ರ ಉತ್ತರ ಇಲ್ಲ, ತಂಬ್ಸ್ ಅಪ್ ಹಾಕಿ ಸುಮ್ನಾಗ್ತಾನೆ.

ನನ್ನ ತುರುಫು ಟೆಕ್ಸಾಸ್ ಎ ಅಂಡ್ ಎಂ. 2022ರಲ್ಲಿ ಅವರು ದೇಶಕ್ಕೇ ನಂಬರ್ ಒನ್ ಕ್ಲಾಸ್ (ಆ ವರ್ಷ ಸೈನ್ ಮಾಡಿದ ಹುಡುಗರ ಗುಂಪು) ತಂದ್ರು, ಇಂಥ ಕ್ಲಾಸ್ ಹಿಂದೆ ಬಂದೇ ಇಲ್ಲ ಅಂತ ಎಲ್ಲರೂ ಬರೆದಿದ್ದೇ ಬರೆದಿದ್ದು. ಅದೇ ವರ್ಷ ಲಕ್ಷ ಜನ ಕೂರೋ ಅವರದೇ ಸ್ಟೇಡಿಯಂನಲ್ಲಿ ಅಪಲಾಚಿಯನ್ ಸ್ಟೇಟ್ ಅನ್ನೋ ಸಣ್ಣ ಟೀಮಿಗೆ 17-14ರಲ್ಲಿ ಸೋತ್ರು, ಸೀಸನ್ ಮುಗಿಸಿದ್ದು 5 ಗೆಲುವು 7 ಸೋಲಲ್ಲಿ. ಆ ಹುಡುಗರಲ್ಲಿ ಸುಮಾರು ಜನ ಬೇರೆ ಕಾಲೇಜಿಗೆ ಹೋದ್ರು, ಮುಂದಿನ ವರ್ಷ ನವೆಂಬರಲ್ಲಿ ಕೋಚ್ ಜಿಂಬೋ ಫಿಷರ್‌ನ ತೆಗೆದ್ರು, ಮನೆಗೆ ಕಳಿಸೋಕೆ ಕಾಂಟ್ರಾಕ್ಟ್ ಪ್ರಕಾರ 75 ಮಿಲಿಯನ್ ಡಾಲರಿಗೂ ಜಾಸ್ತಿ ಕೊಡಬೇಕಾಯ್ತು. ಆ ದುಡ್ಡಿಗೆ ನಮ್ಮ ತಾಲೂಕಲ್ಲಿ ಎಷ್ಟು ತೋಟ ಬರ್ತಿತ್ತು ಅಂತ ಯೋಚನೆ ಮಾಡಿದ್ರೆ ತಲೆ ತಿರುಗುತ್ತೆ.

ಹಾಗಾದ್ರೆ ಸ್ಟಾರ್ ಬರೀ ಬೊಗಳೆನಾ ಅಂದ್ರೆ ಅದೂ ಅಲ್ಲ. ಕಾಫಿ ಚೆರ್ರಿ ಮಾರೋಕೆ ಹೋದಾಗ ಸ್ಯಾಂಪಲ್ ಹಲ್ ಮಾಡಿ ಓಟಿ (ಔಟ್‌ಟರ್ನ್, ಸಿಪ್ಪೆ ತೆಗೆದ ಮೇಲೆ ಸಿಗೋ ಬೀಜದ ತೂಕ) ತೆಗೀತಾರಲ್ಲ, 50 ಕೆಜಿ ಚೀಲಕ್ಕೆ 27 ಕೆಜಿ ಬರುತ್ತಾ 28 ಬರುತ್ತಾ ಅಂತ, ಆ ನಂಬರ್ ಇಡೀ ಲಾಟಿನ ರೇಟ್ ಹೇಳುತ್ತೆ, ಆದ್ರೆ ಕೈಗೆ ಸಿಕ್ಕ ಒಂದು ಕಾಯಿ ಒಡೆದ್ರೆ ಒಳಗೆ ಜೊಳ್ಳಿರುತ್ತಾ ಗಟ್ಟಿ ಇರುತ್ತಾ ಅಂತ ಹೇಳಲ್ಲ. ಸ್ಟಾರೂ ಅಷ್ಟೇ. ನೂರು ಜನ ಐದು ಸ್ಟಾರಿನವರನ್ನೂ ನೂರು ಜನ ಮೂರು ಸ್ಟಾರಿನವರನ್ನೂ ತಗೊಂಡ್ರೆ ಎನ್‌ಎಫ್‌ಎಲ್ ಮುಟ್ಟೋದು ಮೊದಲನೇ ಗುಂಪಿನವರೇ ಜಾಸ್ತಿ, ಅದರಲ್ಲಿ ಡೌಟಿಲ್ಲ. ಆದ್ರೆ ಎನ್‌ಎಫ್‌ಎಲ್‌ನ ದೊಡ್ಡ ಹೆಸರುಗಳನ್ನ ನೋಡಿ, ಪ್ಯಾಟ್ರಿಕ್ ಮಹೋಮ್ಸ್ ಮೂರು ಸ್ಟಾರ್, ಆರನ್ ಡೊನಾಲ್ಡ್ ಮೂರು ಸ್ಟಾರ್, ಜಾಶ್ ಆಲನ್‌ನ ಹೈಸ್ಕೂಲಲ್ಲಿ ಯಾರೂ ಕ್ಯಾರೇ ಅಂದಿರ್ಲಿಲ್ಲ.

ಇನ್ನೊಂದು ವಿಷಯ, ಇದನ್ನ ಯಾರೂ ಜೋರಾಗಿ ಹೇಳಲ್ಲ. ಮೂರು ಸ್ಟಾರಿನ ಹುಡುಗನಿಗೆ ಅಲಬಾಮಾದಿಂದ ಆಫರ್ ಬಂತು ಅಂದ್ಕೊಳ್ಳಿ, ರೇಟಿಂಗ್ ಕೊಡೋರು ಅವನ ವೀಡಿಯೋ ಮತ್ತೊಂದ್ಸಲ ನೋಡ್ತಾರೆ, ನೋಡಿದ್ರೆ ನಾಲ್ಕನೇ ಸ್ಟಾರ್ ಕಾಣಿಸೋ ಚಾನ್ಸ್ ಜಾಸ್ತಿ. ಅಂದ್ರೆ ರ‍್ಯಾಂಕಿಂಗ್ ಒಳಗೇ ಒಳ್ಳೆ ಕೋಚ್‌ಗಳ ಅಭಿಪ್ರಾಯ ಅರ್ಧ ಸೇರಿಕೊಂಡಿರುತ್ತೆ. ಮತ್ತೆ ಜಾರ್ಜಿಯಾ, ಟೆಕ್ಸಾಸ್, ಫ್ಲೋರಿಡಾ ಥರದ ಕಡೆ ಆಟಗಾರರು ಮನೆ ಬಾಗಿಲಲ್ಲೇ ಇರ್ತಾರೆ, ಅಲ್ಲಿನ ದೊಡ್ಡ ಕಾಲೇಜುಗಳಿಗೆ ದುಡ್ಡೂ ಇದೆ, ಜಿಮ್ಮು, ಡಾಕ್ಟ್ರು, ಅಸಿಸ್ಟೆಂಟ್ ಕೋಚ್‌ಗಳ ದಂಡೇ ಇದೆ. ಸ್ಟಾರ್ ಬರೋದೂ ಅದರಿಂದ, ಗೆಲುವು ಬರೋದೂ ಅದರಿಂದ, ಯಾವುದು ಯಾವುದಕ್ಕೆ ಕಾರಣ ಅಂತ ಬಿಡಿಸೋದು ಕಷ್ಟ.

ನಮ್ಮ ಕೊಡವ ಹಾಕಿ ನಮ್ಮೆಯಲ್ಲಿ (ಕೊಡವ ಕುಟುಂಬಗಳ ಹಾಕಿ ಹಬ್ಬ) ಈ ತಲೆನೋವೇ ಇಲ್ಲ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗಿಂದ ಒಕ್ಕದ (ಕುಟುಂಬದ) ಹೆಸರೇ ಟೀಮು, 2025ರಲ್ಲಿ ಮುದ್ದಂಡದವರು ಮಡಿಕೇರಿಯಲ್ಲಿ ನಡೆಸಿದಾಗ 396 ಕುಟುಂಬ ಬಂದಿತ್ತು. ಒಳ್ಳೆ ಫಾರ್ವರ್ಡ್ ಬೇಕು ಅಂತ ಪಕ್ಕದ ಒಕ್ಕದಿಂದ ಹುಡುಗನ್ನ ಎತ್ತಾಕ್ಕೊಂಡು ಬರೋಕಾಗಲ್ಲ, ಅರವತ್ತರ ಅಜ್ಜನೂ ಬೂಟ್ ಹಾಕಿ ನಿಲ್ತಾರೆ. ಅತ್ತೆ ಮಗನಿಗೆ ಇದನ್ನ ಹೇಳಿದ್ರೆ, ಹಾಗಿದ್ರೂ ಇಂಡಿಯಾ ಆಡಿದೋರು ಇರೋ ಒಕ್ಕ ತಾನೇ ಮುಂದೆ ಹೋಗೋದು ಅಂತಾನೆ. ಅದೂ ನಿಜವೇ ಬಿಡಿ.

ಈಗ ಇಂಡಿಯಾನಾ ಕತೆಗೆ ಬರ್ತೀನಿ, ಇಷ್ಟೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕೆ. 2023ರಲ್ಲಿ 3 ಗೆದ್ದು 9 ಸೋತ ಟೀಮು, ಇತಿಹಾಸ ನೋಡಿದ್ರೂ ಸೋಲಿನ ರಾಶಿ. ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದ್ರು, ಅದಕ್ಕೆ ಮೊದಲು ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನ ಜೊತೇಲೇ ಕರ್ಕೊಂಡು ಬಂದ್ರು. 2024ರಲ್ಲಿ 11-2, 2025ರ ಸೀಸನ್ನಲ್ಲಿ 16ಕ್ಕೆ 16. 2026ರ ಜನವರಿಯಲ್ಲಿ ಮಯಾಮಿ ಟೀಮನ್ನ 27-21ರಲ್ಲಿ ಸೋಲಿಸಿ ಚಾಂಪಿಯನ್. ಬ್ಲೂ ಚಿಪ್ ಗೆರೆಯ ಹತ್ರಕ್ಕೂ ಬರದ ಟೀಮು! ಕ್ವಾರ್ಟರ್‌ಬ್ಯಾಕ್ ಫರ್ನಾಂಡೋ ಮೆಂಡೋಜಾ ಮಯಾಮಿ ಊರಿನ ಹುಡುಗನೇ, ಹೈಸ್ಕೂಲಲ್ಲಿದ್ದಾಗ ಯೇಲ್‌ಗೆ ಹೋಗ್ತೀನಿ ಅಂದಿದ್ದ, ಕೊನೆಗೆ ಬರ್ಕ್ಲಿಯ ಕ್ಯಾಲ್ (ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಸೇರಿದ, ಅಲ್ಲಿಂದ ಇಂಡಿಯಾನಾಗೆ ಬಂದು ವರ್ಷದ ಬೆಸ್ಟ್ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿನೂ ಹೊಡ್ಕೊಂಡ. ಫೈನಲ್ ನಮಗೆ ಮಂಗಳವಾರ ಬೆಳಗ್ಗೆ, ರೊಬಸ್ಟಾ ಕುಯ್ಲಿನ ಟೈಮು, ಆಳುಗಳು ಬರೋ ಹೊತ್ತಿಗೆ ಸರಿಯಾಗಿ ನಾಲ್ಕನೇ ಕ್ವಾರ್ಟರ್, ಮನೇಲಿ ಬೈಗುಳ ತಿಂದೇ ನೋಡಿದ್ದು.

ಇದು ಹೇಗಾಯ್ತು ಅಂದ್ರೆ ಸ್ಟಾರ್ ಸುಳ್ಳಾಯ್ತು ಅಂತಲ್ಲ, ಸ್ಟಾರ್ ಹಳೇದಾಯ್ತು. 2021ರಿಂದ ಎರಡು ಬದಲಾವಣೆ ಒಟ್ಟಿಗೆ ಬಂದ್ವು: ಕಾಲೇಜ್ ಬದಲಾಯಿಸಿದೋರು ಒಂದು ವರ್ಷ ಬೆಂಚಲ್ಲಿ ಕೂರೋ ಅವಶ್ಯಕತೆ ಹೋಯ್ತು, ಮತ್ತೆ ಆ ಜುಲೈನಿಂದ ಎನ್‌ಐಎಲ್ (ತಮ್ಮ ಹೆಸರು, ಫೋಟೋ ಬಳಸೋಕೆ ಬಿಡೋದು) ಹೆಸರಲ್ಲಿ ಆಟಗಾರರು ದುಡ್ಡು ಮಾಡಬಹುದು ಅಂತಾಯ್ತು. ಈಗ ಕೋಚ್ ಹದಿನೇಳರ ಹುಡುಗನ ಮೇಲೆ ಬೆಟ್ ಕಟ್ಟಲೇಬೇಕು ಅಂತಿಲ್ಲ, ಕಾಲೇಜಲ್ಲೇ ಮೂರು ವರ್ಷ ಆಡಿ ತೋರಿಸಿದ ಇಪ್ಪತ್ತೆರಡರ ಗಂಡಸನ್ನ ಪೋರ್ಟಲಿಂದ, ಅಂದ್ರೆ ಕಾಲೇಜ್ ಬದಲಾಯಿಸೋರ ಲಿಸ್ಟಿಂದ, ತರಬಹುದು. ಅವನು ಹೈಸ್ಕೂಲಲ್ಲಿ ಎಷ್ಟು ಸ್ಟಾರ್ ತಗೊಂಡಿದ್ದ ಅನ್ನೋದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು. ಬ್ಲೂ ಚಿಪ್ ಲೆಕ್ಕದಲ್ಲಿ ಈ ಟ್ರಾನ್ಸ್‌ಫರ್‌ನೋರು ಬರೋದೇ ಇಲ್ಲ.

ಹಾಗಂತ ಇನ್ಮೇಲೆ ಎಲ್ಲಾ ಇಂಡಿಯಾನಾ ಥರಾನೇ ಅಂದ್ರೆ ನಾನಂತೂ ನಂಬಲ್ಲ, ಪೋರ್ಟಲಲ್ಲೂ ಕೊನೆಗೆ ದುಡ್ಡಿರೋ ಕಾಲೇಜುಗಳೇ ಒಳ್ಳೇದನ್ನ ಬಾಚ್ಕೋತಾವೆ, ಸಿಗ್ನೆಟ್ಟಿ ಥರ ಆರಿಸೋ ಕಣ್ಣು ಎಲ್ರಿಗೂ ಇರಲ್ಲ. ಡಿಸೆಂಬರಲ್ಲಿ ಸೈನಿಂಗ್ ಲಿಸ್ಟ್ ಬಂದಾಗ ಅತ್ತೆ ಮಗ ಹೇಗೂ ಜಾರ್ಜಿಯಾದ ಐದು ಸ್ಟಾರಿನವರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸ್ತಾನೆ. ನಾನು ಅದು ಬಿಟ್ಟು ಲೈನಲ್ಲಿ ಆಡೋ ದಡಿಯರು ಎಷ್ಟು ಜನ ವಾಪಸ್ ಬರ್ತಿದ್ದಾರೆ, ಪೋರ್ಟಲಿಂದ ಯಾರು ಬಂದ್ರು, ಮುಖ್ಯವಾಗಿ ಯಾರು ಬಿಟ್ಟು ಹೋದ್ರು ಅಂತ ನೋಡೋದು. ಆ ಲಿಸ್ಟ್ ಕೇಳಿದ್ರೆ ಅವನು ಕಳಿಸೋದೇ ಇಲ್ಲ.