ಬಂಡೆಯ ಮೇಲಿನ ಪದ

ಬಾದಾಮಿಗೆ ಎಷ್ಟೋ ಸಲ ಹೋಗಿದ್ದೇನೆ. ಹೋದಾಗಲೆಲ್ಲ ಮೊದಲು ಮೇಣಬಸದಿ ಎನ್ನುವ ಗುಹಾಲಯಗಳ ಗುಡ್ಡ ಹತ್ತುವುದು, ಕ್ರಿ.ಶ. 578ರಲ್ಲಿ ಚಾಲುಕ್ಯ ಮನೆತನದ ಮಂಗಳೇಶ ಮಾಡಿಸಿದ ಮೂರನೆಯ ಗುಹೆಯಲ್ಲಿ ಕಣ್ಣು ತುಂಬ ವಿಷ್ಣುವನ್ನು ನೋಡುವುದು, ಇಳಿದು ಬಸ್ ಹಿಡಿಯುವುದು. ಈ ಸಲ ಅವ್ವ ಜೊತೆಗಿದ್ದಳು. ಮೊಣಕಾಲು ನೋವಿನ ಅವಳಿಗೆ ಅಷ್ಟು ಮೆಟ್ಟಿಲು ಆಗದು. ಅದಕ್ಕೇ ಅಗಸ್ತ್ಯ ತೀರ್ಥದ ದಂಡೆ ಹಿಡಿದೆವು.

ಓಣಿಯ ಮನೆಗಳ ನಡುವೆ ಹಾದು ಹೋದರೆ ಬಡಗಣ ಗುಡ್ಡದ ಬುಡದಲ್ಲಿ ವಸ್ತುಸಂಗ್ರಹಾಲಯ. ಒಳಗೆ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಗೆ ಕೂತ ಭಂಗಿ. ಅವ್ವ ತಲೆಮೇಲೆ ಸೆರಗು ಎಳೆದುಕೊಂಡು, ಕೈ ಮುಗಿದು, ಬಹಳ ಹೊತ್ತು ಅಲ್ಲೇ ನಿಂತಳು. ಐದು ಮಕ್ಕಳನ್ನು ಹೆತ್ತವಳು. ನಾನು ಏನೂ ವಿವರಿಸಲಿಲ್ಲ, ಬೇಕಿರಲಿಲ್ಲ.

ನನಗೆ ಅವಳನ್ನು ಕರೆದೊಯ್ಯಬೇಕಿದ್ದದ್ದು ಮಾತ್ರ ಮುಂದಕ್ಕೆ, ತಟ್ಟುಕೋಟೆ ಕಡೆಗೆ, ಕಪ್ಪೆ ಅರಭಟ್ಟನೆಂಬ ಹಳೆಯ ಕಾಲದ ವೀರನನ್ನು ಹೊಗಳುವ ಶಾಸನವಿರುವ ಬಂಡೆಗೆ. ಮೂಡಲ ದಂಡೆಯ ಭೂತನಾಥ ಗುಡಿಯ ಕಟ್ಟೆ ಮೇಲೆ ಕೂತು ದಣಿವಾರಿಸಿಕೊಂಡು ನಿಧಾನಕ್ಕೆ ಹೋದೆವು. ದಾರಿ ತೋರುವ ಫಲಕ ನಮಗೆಲ್ಲೂ ಕಾಣಲಿಲ್ಲ, ಕುರಿ ಕಾಯುವ ಹುಡುಗನನ್ನು ಕೇಳಬೇಕಾಯಿತು. ಕನ್ನಡದ ತ್ರಿಪದಿ ಸಿಕ್ಕಿರುವ ಅತಿ ಹಳೆಯ ತಾವುಗಳಲ್ಲಿ ಇದೊಂದು, ಸುಮಾರು 1300 ವರ್ಷದ್ದು. ಶಾಲೆಯ ಮಕ್ಕಳು ಗುಹೆಗೆ ಬಂದಷ್ಟೇ ಇಲ್ಲಿಗೂ ಬರಬೇಕು.

ಆ ಲಿಪಿ ನನಗೆ ಓದಲು ಬಾರದು. ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದನ್ನೇ ಓದಿದೆ: "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್..."

"ಇನ್ನೊಮ್ಮಿ ಓದು," ಅಂದಳು.

ಓದಿದೆ.

"ಇದು ನಮ್ಮ ಬೀಸೂಕಲ್ಲಿನ ಪದದ ದಾಟಿ ಐತಲ್ಲೋ ತಮ್ಮಾ!"

ಅವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ. ಊರಿಗೆ ಗಿರಣಿ ಬರುವ ಮೊದಲು ನಸುಕಿನಲ್ಲೆದ್ದು ಜೋಳ ಬೀಸುತ್ತ ಹಾಡಿದವಳು. ಒಳ್ಳೆಯವನಿಗೆ ಒಳ್ಳೆಯವನು, ಸವಿಯಾಗಿದ್ದವನಿಗೆ ಸವಿಯಾದವನು, ಕಾಡಿದರೆ ಮಾತ್ರ ಬಿಡದವನು ಎಂದು ಅರ್ಥ ಹೇಳಿದೆ. "ಹಂಗ ಇರಬೇಕ ನೋಡು ಮನಷ್ಯಾ," ಎಂದು ಬಂಡೆಗೆ ಮುಖ ಮಾಡಿ ಕೂತು ತನ್ನದೇ ಒಂದು ಪದ ಎತ್ತಿಕೊಂಡಳು. ಸಣ್ಣ ದನಿ. ಬಲಗೈ ಗೂಟ ಹಿಡಿದಂತೆ ಮಡಿಚಿತ್ತು, ಮೊಣಕಾಲ ಮೇಲೆ ಸುತ್ತು ಹೊಡೆಯುತ್ತಿತ್ತು. ಕೆಳಗೆ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು.

ಮೊಬೈಲಿನಲ್ಲಿ ಅವಳ ದನಿ ಹಿಡಿದಿಟ್ಟುಕೊಂಡೆ. ನಾಲ್ಕು ನಿಮಿಷ ಇದೆ.