ಹದಿನಾರು ಅಡಿಯ ನಡುಮನೆ

ಕೋಲಾರ, 14 ಮಾರ್ಚ್ 2024, ಗುರುವಾರ ರಾತ್ರಿ

ಹೊಸ ಮನೆಯ ಮಾಡಿಗೆ ಕಾಂಕ್ರೀಟು ಸುರಿದು, ಅಂದರೆ ಮೋಲ್ಡ್ ಹಾಕಿ, ಇಂದಿಗೆ ಏಳು ದಿನ ತುಂಬಿತು. ಶಾಲೆ ಬಿಟ್ಟವಳು ಮನೆಗೆ ಹೋಗದೆ ನೇರವಾಗಿ ಸೈಟಿಗೆ ಹೋದರೆ, ಹಸಿ ಮಾಡನ್ನು ಕೆಳಗಿನಿಂದ ಹೊತ್ತು ನಿಲ್ಲಿಸುವ ಶೀಟು, ಜ್ಯಾಕಿ ಕೊಟ್ಟಿದ್ದ ಸೆಂಟ್ರಿಂಗ್‌ನವರು ಜಲ್ಲಿ ರಾಶಿಯ ಪಕ್ಕದಲ್ಲಿ ಟೆಂಪೋ ನಿಲ್ಲಿಸಿಕೊಂಡು ನನಗಾಗಿಯೇ ಕಾಯುತ್ತಿದ್ದರು. "ಮೇಡಂ, ನಾಳೆ ಬೆಳಿಗ್ಗೆ ಹುಡುಗರು ಬರ್ತಾರೆ, ಶೀಟು ಜ್ಯಾಕಿ ಎಲ್ಲಾ ಬಿಚ್ಕೊಂಡು ಹೋಗ್ತೀವಿ" ಎಂದರು. ಅದು ಅನುಮತಿ ಕೇಳುವ ಧಾಟಿಯಾಗಿರಲಿಲ್ಲ. ಮೇಸ್ತ್ರಿಯೊಡನೆ ಮಾತಾಗಿದೆ, ನಿಮ್ಮ ಕಿವಿಗೂ ಹಾಕಿದ್ದೇವೆ ಎಂಬ ಧಾಟಿಯಾಗಿತ್ತು. ಮೇಸ್ತ್ರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಮ್ಮ ಯಜಮಾನರ ಬಸ್ಸು ಇನ್ನೂ ಹೊಸಕೋಟೆಯನ್ನೇ ದಾಟಿರಲಿಲ್ಲ.

ಬೇರೆ ಯಾರದಾದರೂ ಮನೆಯಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಹೆದರಿಕೆಗೆ ಕಾರಣ ನಡುಮನೆ. ನಕ್ಷೆ ಬರೆಸುವಾಗ ಎಂಜಿನಿಯರ್ 12 ಅಡಿ ಅಗಲದ ಹಾಲ್ ತೋರಿಸಿದ್ದರು. ಅದು ಸಾಲದು, ಹದಿನಾರು ಅಡಿ ಬೇಕು, ನಡುವೆ ಒಂದು ಕಂಬವೂ ಇರಕೂಡದು ಎಂದು ಹಟ ಹಿಡಿದವಳು ನಾನೇ. ಬಾಡಿಗೆ ಮನೆಯ ಎಂಟಡಿ ಕೋಣೆಯಲ್ಲಿ ಹದಿಮೂರು ವರ್ಷ ಮಂಚ, ಬೀರು, ಮಕ್ಕಳ ಪುಸ್ತಕ, ಅಕ್ಕಿ ಮೂಟೆಗಳ ಸಂದಿಯಲ್ಲಿ ಓರೆಯಾಗಿ ನಡೆದವರಿಗೆ ಮಾತ್ರ ಆ ಹಟ ಅರ್ಥವಾದೀತು. ಅತ್ತೆ ಆಗಲೇ ಒಂದು ಮಾತು ಹೇಳಿದ್ದರು: "ಅಷ್ಟು ಅಗಲ ಯಾಕಮ್ಮ, ಮೇಲಿನ ಭಾರ ಯಾರು ಹೊರ್ತಾರೆ?" ಆ ದಿನ ನಕ್ಕುಬಿಟ್ಟಿದ್ದೆ. ಇಂದು ಜ್ಯಾಕಿಗಳ ಕಾಡಿನ ನಡುವೆ ನಿಂತು ತಲೆಯ ಮೇಲಿನ ಭಾರವನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಹದಿನಾರಕ್ಕೆ ಇಪ್ಪತ್ತು ಅಡಿ, ಐದು ಅಂಗುಲ ದಪ್ಪ; ಘನಮೀಟರಿಗೆ ಎರಡೂವರೆ ಟನ್ನಿನಂತೆ ಹಿಡಿದರೆ ನಡುಮನೆಯ ಮೇಲೆಯೇ ಒಂಬತ್ತು ಟನ್ನಿಗೂ ಮೀರುತ್ತದೆ. ಗಣಿತದ ಮೇಷ್ಟ್ರಾಗಿರುವುದರ ದೊಡ್ಡ ತೊಂದರೆ ಇದೇ.

ಅತ್ತೆಯ ತವರು ಟೇಕಲ್ ಕಡೆಯದು. ಅವರು ಹುಟ್ಟಿ ಬೆಳೆದದ್ದು ಕಲ್ಲು ಚಪ್ಪಡಿ ಹೊದಿಸಿದ ಮನೆಯಲ್ಲಿ. ಬಂಡೆಯ ಮೇಲೆ ಸೌದೆ ಸುಟ್ಟು ಪದರ ಎಬ್ಬಿಸಿ, ಸಾಲಾಗಿ ಗುಳಿ ಹೊಡೆದು, ಚಾಣ ಇಟ್ಟು ಒಂದೊಂದೇ ಏಟು ಹಾಕುತ್ತಾ ಕಲ್ಲನ್ನು ಹಲಗೆಯಂತೆ ಸೀಳುತ್ತಿದ್ದುದನ್ನು ಅವರು ಮಗುವಾಗಿದ್ದಾಗ ಕಂಡಿದ್ದಾರೆ. ಚಪ್ಪಡಿಯನ್ನು ಗೋಡೆಯಿಂದ ಗೋಡೆಗೆ ಇಟ್ಟ ದಿನವೇ ಅದರ ಕೆಳಗೆ ಮಲಗಬಹುದಿತ್ತಂತೆ. ನೀರುಣಿಸುವುದಿಲ್ಲ, ದಿನ ಎಣಿಸುವುದಿಲ್ಲ. ಆದರೆ ಕಲ್ಲು ಎಷ್ಟು ಉದ್ದವೋ ಕೋಣೆಯೂ ಅಷ್ಟೇ ಅಗಲ. ಅದಕ್ಕಿಂತ ದೊಡ್ಡ ಜಾಗ ಬೇಕೆಂದರೆ ನಡುವೆ ಕಲ್ಲುಕಂಬ ನಿಲ್ಲಿಸಿ ಅದರ ಮೇಲೆ ತೊಲೆ ಹಾಯಿಸಲೇಬೇಕು. ನಮ್ಮ ಕಡೆಯ ಹಳೆಯ ಮನೆಗಳ ನಡುಮನೆಯಲ್ಲಿ ಕಂಬಕ್ಕೆ ಒರಗದೆ ಯಾರೂ ಕೂರುತ್ತಿರಲಿಲ್ಲವೆಂದರೆ, ಒರಗಲಿಕ್ಕೆ ಕಂಬವಿಲ್ಲದ ಜಾಗವೇ ಅಲ್ಲಿ ಇರಲಿಲ್ಲ. ನಾನು ಆ ಕಂಬವನ್ನು ಕಿತ್ತುಹಾಕಿದೆ. ಅದರ ಬದಲಿಗೆ ಕಂಬಿ, ಸಿಮೆಂಟು, ನೀರು ಮತ್ತು ದಿನಗಳನ್ನು ಕೊಡಬೇಕಾಗಿ ಬಂದಿದೆ.

ಹಿಂದಿರುಗಿ ನೋಡಿದರೆ ಮೊದಲ ದಿನದಿಂದಲೂ ಈ ಹದಿನಾರು ಅಡಿಯೇ ಎಲ್ಲವನ್ನೂ ಎಳೆದಾಡಿದೆ. ಕಾರ್ತಿಕದಲ್ಲಿ ಗುದ್ದಲಿ ಪೂಜೆ ಮುಗಿದ ಮರುದಿನ ಮೇಸ್ತ್ರಿ ಗೂಟ ಹೊಡೆದು ಹಗ್ಗ ಎಳೆದು ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಮೂವತ್ತು ನಲವತ್ತರ ಸೈಟು ಚಚ್ಚೌಕವಾಗಿ ಕೂತಿದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೂರು, ನಾಲ್ಕು, ಐದು ಎಂದು ವರ್ಷವರ್ಷವೂ ಹೇಳುವ ಪಾಠವದು. ನಮ್ಮದು ಒಂದು ಕರ್ಣ 50 ಅಡಿ 5 ಅಂಗುಲ ಬಂತು, ಇನ್ನೊಂದು 49 ಅಡಿ 7 ಅಂಗುಲ. ಮೇಸ್ತ್ರಿ ಎರಡನ್ನೂ ಕೇಳಿ, ಒಂದಿಷ್ಟೂ ವಿಚಲಿತರಾಗದೆ, "ಸೈಟು ವಾರೆ ಅಮ್ಮ, ಮನೆ ವಾರೆ ಆಗಲ್ಲ ಬಿಡಿ" ಎಂದು ಮೂಲೆಮಟ್ಟ ಇಟ್ಟು ಒಳಗೆ ಬೇರೆಯೇ ಚೌಕ ಎಳೆದರು. ಉಳಿದ ವಾರೆಯೆಲ್ಲ ಪಶ್ಚಿಮದ ಕಾಂಪೌಂಡಿನ ಪಕ್ಕದಲ್ಲಿ ತೆಳ್ಳಗಿನ ಮುಕ್ಕೋಣವಾಗಿ ಬಿದ್ದುಕೊಂಡಿದೆ. ಅತ್ತೆ ಅಲ್ಲಿ ಈಗಾಗಲೇ ದಾಸವಾಳದ ಕಡ್ಡಿ ನೆಟ್ಟಿದ್ದಾರೆ.

ಪಾಯ ತೆಗೆದಾಗ ಐದು ಅಡಿಗೆ ಗಟ್ಟಿ ಗರಸು ಸಿಕ್ಕಿತು, ಅದು ನಮ್ಮ ಪುಣ್ಯ. ನಡುಮನೆಯ ನಾಲ್ಕು ಮೂಲೆಯ ಪಿಲ್ಲರ್‌ಗಳಿಗೆ ಮಾತ್ರ ಗುಂಡಿ ಇನ್ನಷ್ಟು ಅಗಲವಾಯಿತು. ಸೈಜುಗಲ್ಲು ಕಟ್ಟಿ, ಅದರ ಮೇಲೆ ನೆಲಮಟ್ಟದ ಪ್ಲಿಂತ್ ಬೀಮು ಹಾಕಿ, ಮಣ್ಣು ತುಂಬಿ ನೀರು ಕುಡಿಸಿ ದಿಮ್ಮಸು ಹೊಡೆಯುವ ಹೊತ್ತಿಗೆ ಧನುರ್ಮಾಸ ಬಂದಿತೆಂದು ಬಾಗಿಲು ನಿಲ್ಲಿಸುವುದು ಸಂಕ್ರಾಂತಿಯಾಚೆಗೆ ಹೋಯಿತು. ಮಾಲೂರಿನ ಇಟ್ಟಿಗೆಯ ಗೋಡೆ ಮುಂಬಾಗಿಲಿನ ಜಾಗವೊಂದನ್ನು ಬಿಟ್ಟು ಸುತ್ತಲೂ ಎದ್ದು, ಒಂದು ತಿಂಗಳು ಮುಂದಿನ ಹಲ್ಲು ಬಿದ್ದ ಮಗುವಿನಂತೆ ಬೀದಿಗೆ ಬಾಯಿ ತೆರೆದುಕೊಂಡಿತ್ತು. ಹೊಸಿಲ ಕೆಳಗೆ ನವಧಾನ್ಯ ಹಾಕಿದ ದಿನ ಅತ್ತೆ ಅತ್ತರು. ಏಕೆಂದು ನಾನು ಕೇಳಲಿಲ್ಲ. ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟ ಹತ್ತು ದಿನಗಳಲ್ಲಿ ಮುಗಿಯಿತು. ಬ್ಯಾಂಕಿನವರು ಬಂದು ಫೋಟೊ ತೆಗೆದು ಆ ಹಂತದ ಕಂತನ್ನು ಕೊಟ್ಟದ್ದು ಅದಾಗಿ ಮೂರು ವಾರಕ್ಕೆ.

ಮೋಲ್ಡ್ ಹಾಕಿದ್ದು ಶಿವರಾತ್ರಿಯ ಹಿಂದಿನ ದಿನ. ಹಬ್ಬಕ್ಕೆ ಮುಂಚೆ ಮುಗಿಸಿ ಊರಿಗೆ ಹೋಗುವ ಆತುರ ಕೆಲಸದವರಿಗೆ. ಮಾಡು ಒಂಬತ್ತು ಚದರ, ಅಂದರೆ ಒಂಬೈನೂರು ಚದರಡಿ. ಬೀಮುಗಳೂ ಸೇರಿ ಸುಮಾರು ನೂರು ಮೂಟೆ ಸಿಮೆಂಟು. ಹಿಂದಿನ ಸಂಜೆ ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬಿಲ್ಲೆಗಳ ಬದಲಿಗೆ ಅದರ ಕೆಳಗೆ ಜಲ್ಲಿ ಚೂರುಗಳನ್ನು ತುರುಕಿದ್ದನ್ನು ಕಂಡು, ನಾನೇ ಅಂಗಡಿಗೆ ಹೋಗಿ ಎರಡು ಚೀಲ ಕವರ್ ಬ್ಲಾಕ್ ತಂದು ಕೊಟ್ಟಿದ್ದೆ. ಕಾಂಕ್ರೀಟು ಅದುಮಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಮಾಡು ಬಾಗುವಾಗ ಎಳೆತ ಬೀಳುವುದು ನಟ್ಟನಡುವೆ, ತಳಭಾಗದಲ್ಲಿ. ಅಲ್ಲಿ ಕಂಬಿ ಶೀಟಿಗೆ ಅಂಟಿಕೊಂಡು ಮಲಗಿದ್ದರೆ ಅದನ್ನು ಕಾಪಾಡಲು ಸಿಮೆಂಟಿನ ಹೊದಿಕೆಯೇ ಇರುವುದಿಲ್ಲ, ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿದು ಉದುರತೊಡಗುತ್ತದೆ. ಅಷ್ಟು ಜಾಗರೂಕತೆ ವಹಿಸಿದವಳು ನೀರಿನ ವಿಷಯದಲ್ಲಿ ಸೋತೆ. ಮೂಟೆಯೊಂದಕ್ಕೆ 27 ಲೀಟರ್ ದಾಟಬಾರದು ಎಂದು ಗುರುತು ಹಾಕಿಕೊಟ್ಟಿದ್ದ ಬಕೆಟ್ಟು ಹನ್ನೊಂದು ಗಂಟೆಯವರೆಗೆ ಮಾತ್ರ ಚಾಲ್ತಿಯಲ್ಲಿತ್ತು. ಬಿಸಿಲೇರಿದ ಮೇಲೆ, ನಾನು ಮಜ್ಜಿಗೆ ತರಲು ಕೆಳಗಿಳಿದಾಗಲೆಲ್ಲ, ಮಿಕ್ಸರಿನವನು ಕೊಳವೆಯನ್ನೇ ನೇರವಾಗಿ ಒಳಗೆ ಬಿಡುತ್ತಿದ್ದನೆಂದು ಪಕ್ಕದ ಮನೆಯ ಹುಡುಗ ಸಂಜೆ ಹೇಳಿದ. ತೆಳುವಾದ ಕಾಂಕ್ರೀಟು ಎಳೆಯಲು ಸಲೀಸು. ಅದರ ಬೆಲೆ ತೆರುವುದು ಎಳೆದವನಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲಿನ ಕಡೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತ್ತು. ಗಾಳಿಗೂ ಬಿಸಿಲಿಗೂ ಮೇಲ್ಮೈಯ ನೀರು ಬೇಗ ಆರಿದರೆ ಹಾಗಾಗುತ್ತದೆ, ಭಯಪಡಬೇಕಾಗಿಲ್ಲ ಎಂದು ಮೇಸ್ತ್ರಿ ಸಿಮೆಂಟಿನ ತಿಳಿ ಸವರಿದರು. ಅಂದಿನಿಂದ ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ, ಗದ್ದೆಯ ಮಡಿಗಳಂತೆ ಚೌಕಚೌಕವಾಗಿ ನೀರು ನಿಲ್ಲಿಸಿದ್ದೇವೆ. ಶಿವರಾತ್ರಿಯ ಜಾಗರಣೆ ಈ ವರ್ಷ ಅಲ್ಲಿಯೇ ಆಯಿತು. ಹೋದ ವರ್ಷದ ಮಳೆ ಕೈಕೊಟ್ಟದ್ದರಿಂದ ಬಡಾವಣೆಯ ಬೋರ್‌ವೆಲ್ ಸಂಕ್ರಾಂತಿಗೇ ಗಾಳಿ ಉಗುಳಿತ್ತು. ನೆಲದಡಿಯ ನೀರಿನ ತೊಟ್ಟಿಗೆ ಎರಡು ದಿನಕ್ಕೊಂದು ಟ್ಯಾಂಕರ್ ಬೀಳುತ್ತಿದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಮೊದಲ ಸಲ ಹರಿದಾಗ ಊರಿಗೆ ಊರೇ ಜಾತ್ರೆಯಂತೆ ನೋಡಲು ಹೋಗಿದ್ದು ನೆನಪಿದೆ. ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮ ಕೆರೆಗಳಿಗೆ, ಅಂತರ್ಜಲಕ್ಕೆ ಎಂಬ ಮಾತಿನಲ್ಲಿ ಸಮಾಧಾನವೂ ಇದೆ, ಸಂಕಟವೂ ಇದೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಮಡಿಗಳಲ್ಲಿ ನಿಂತ ನೀರು ಕುಡಿಯಲು ಮಧ್ಯಾಹ್ನ ಜೇನುನೊಣಗಳು ಬರುತ್ತವೆ, ಗೊರವಂಕಗಳು ಬರುತ್ತವೆ. ಸುತ್ತ ಎಲ್ಲಿಯೂ ಒಂದು ಹನಿ ಇಲ್ಲದ್ದರಿಂದ ಅವು ನಮ್ಮ ಮನೆಯ ಲೆಕ್ಕದಲ್ಲಿ ಬದುಕುತ್ತಿವೆ. ಕಾಂಕ್ರೀಟಿಗೆ ಎಷ್ಟು ಉಳಿಯುತ್ತದೋ ಎಂದು ಜೇನುನೊಣದ ಮೇಲೆ ಸಿಟ್ಟಾದ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಸೆಂಟ್ರಿಂಗ್‌ನವರಿಗೆ ಆಗುವುದಿಲ್ಲ ಎಂದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಎಂಜಿನಿಯರ್. ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456ರಿಂದ ಆ ಪುಟವನ್ನು ಫೋನಿಗೆ ಕಳಿಸಿದ್ದಳು. ನಾಲ್ಕೂವರೆ ಮೀಟರ್‌ವರೆಗಿನ ಮಾಡಿಗೆ ಆಧಾರವನ್ನು ಏಳು ದಿನಗಳ ನಂತರ ತೆಗೆಯಬಹುದು. ಅದಕ್ಕಿಂತ ಅಗಲವಾದರೆ 14 ದಿನ. ಆರು ಮೀಟರ್‌ವರೆಗಿನ ಬೀಮಿಗೂ 14 ದಿನ. ಹದಿನಾರು ಅಡಿ ಎಂದರೆ ನಾಲ್ಕು ಮೀಟರ್ 88 ಸೆಂಟಿಮೀಟರ್. ಒಂದೂಕಾಲು ಅಡಿಯ ಆಸೆಗೆ ಒಂದು ವಾರದ ದಂಡ! ಅದೂ ಸಾಮಾನ್ಯ ಸಿಮೆಂಟಿನ ಲೆಕ್ಕ. ನಾವು ಹಾಕಿರುವುದು ಹಾರುಬೂದಿ ಬೆರೆತ ಪಿಪಿಸಿ, ಅದು ಮೊದಮೊದಲು ನಿಧಾನವಾಗಿ ಬಲ ತುಂಬಿಕೊಳ್ಳುವಂಥದ್ದು. ಇಪ್ಪತ್ತೊಂದು ದಿನ ಬಿಡಿ ಎಂದೆ.

ಅವರು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಂಗಾರಪೇಟೆ ರಸ್ತೆಯಲ್ಲಿ ಇನ್ನೊಂದು ಮನೆ ತನ್ನ ಶೀಟಿಗಾಗಿಯೇ ಕಾಯುತ್ತಿದೆ, ಯುಗಾದಿಗೆ ಹುಡುಗರು ಊರಿಗೆ ಹೋದರೆ ಹದಿನೈದು ದಿನ ತಿರುಗಿ ಬರುವುದಿಲ್ಲ, ಚದರಕ್ಕಿಷ್ಟು ಎಂದು ಮಾತಾಡಿರುವುದರಲ್ಲಿ ಇಪ್ಪತ್ತೊಂದು ದಿನದ ಬಾಡಿಗೆ ಎಲ್ಲಿಂದ ಹುಟ್ಟುತ್ತದೆ ಎಂದು ಮೆಲ್ಲಗೆ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆಮೇಲೆ, "ನೀವು ಪುಸ್ತಕ ನೋಡ್ತೀರ, ನಾನು ಜ್ಯಾಕಿ ನೋಡ್ತೀನಿ, ಬನ್ನಿ ಮೇಡಂ" ಎಂದು ಒಳಗೆ ಕರೆದರು.

ಒಳಗೆ ಆಗಲೇ ಕತ್ತಲು. ಒದ್ದೆ ಸಿಮೆಂಟಿನ ತಣ್ಣನೆಯ ವಾಸನೆ. ಶೀಟುಗಳ ಸಂದಿಯಿಂದ ಅಲ್ಲೊಂದು ಇಲ್ಲೊಂದು ಹನಿ. ಮೊದಲು ಹಿಂದಿನ ಚಿಕ್ಕ ಕೋಣೆಗೆ ಹೋದರು. ಅದು ಹತ್ತಕ್ಕೆ ಹನ್ನೊಂದರದು. ಮೂಲೆಯ ಒಂದು ಜ್ಯಾಕಿಯ ತಿರುಪಿಗೆ ಕಂಬಿ ತೂರಿಸಿ ಎಡಗೈಯಿಂದ ಒಮ್ಮೆ ಎಳೆದರು. ಕಾಲು ಸುತ್ತು ಸಲೀಸಾಗಿ ಬಂತು. ತಕ್ಷಣವೇ ಮತ್ತೆ ಬಿಗಿದರು. "ಭಾರ ಇಲ್ಲಿ ಬಿಟ್ಟಿದೆ ನೋಡಿ" ಎಂದರು. ನಂತರ ನಡುಮನೆಯ ನಟ್ಟನಡುವಿನ ಜ್ಯಾಕಿಯ ಬಳಿ ನಿಂತು ಕಂಬಿಯನ್ನು ನನ್ನ ಕೈಗೆ ಕೊಟ್ಟು ಎಳೆಯಿರಿ ಎಂದರು. ಎಳೆದೆ. ಗೋಡೆಯನ್ನು ಎಳೆದಂತಿತ್ತು. ಅವರೂ ಎರಡೂ ಕೈ ಹಾಕಿ ನೋಡಿದರು, ಅದು ಅಲುಗಲಿಲ್ಲ. ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತರು. "ಇನ್ನೂ ಕೂತಿದೆ ಮೇಡಂ" ಎಂದರು. ಆ ದನಿಯಲ್ಲಿ ಸೋತ ಬೇಸರವಿರಲಿಲ್ಲ. ಮಲಗಿದ ಮಗುವಿನ ಬಗ್ಗೆ ಹೇಳುವಾಗ ಇರುವಂಥ ಎಚ್ಚರವಿತ್ತು.

ಈ ಪರೀಕ್ಷೆ ಎಷ್ಟು ಸರಿಯೋ, ಮೊದಲ ದಿನ ಯಾವ ಜ್ಯಾಕಿಯನ್ನು ಎಷ್ಟು ಬಿಗಿದಿದ್ದರೋ, ಅದರ ಮೇಲೆಯೇ ಎಲ್ಲ ನಿಂತಿರಬಹುದು. ಗಣಿತ ಕಲಿಸುವವಳು ಇದನ್ನು ಸಾಕ್ಷ್ಯವೆಂದು ಒಪ್ಪಬಾರದು. ಆದರೂ ಪುಟದ ಅಂಕಿಯನ್ನು ಓದಿದಾಗ ಬಾರದ ನಂಬಿಕೆ ಆ ಕಂಬಿಯನ್ನು ಹಿಡಿದಾಗ ಬಂತು. ಕೊನೆಗೆ ಒಪ್ಪಂದವಾದದ್ದು ಹೀಗೆ: ಎರಡು ಚಿಕ್ಕ ಕೋಣೆಗಳ ಶೀಟನ್ನು ಇನ್ನೂ ನಾಲ್ಕು ದಿನ ಬಿಟ್ಟು ಸೋಮವಾರ ತೆಗೆಯುವುದು, ನಡುಮನೆ ಮತ್ತು ಅದರ ಬೀಮಿನ ಕೆಳಗಿನದನ್ನು 28ನೆಯ ತಾರೀಖಿನವರೆಗೆ ಮುಟ್ಟದಿರುವುದು, ಹೆಚ್ಚಿನ ದಿನಗಳಿಗೆ ಸ್ವಲ್ಪ ದುಡ್ಡು ನಾನು ಸೇರಿಸುವುದು. ಯಜಮಾನರಿಗೆ ಆ ಮೊತ್ತವನ್ನು ಇನ್ನೂ ಹೇಳಿಲ್ಲ. ಮೇಸ್ತ್ರಿ ಒಂಬತ್ತು ಗಂಟೆಗೆ ಫೋನ್ ಮಾಡಿ, ತಾನು ಯಾರಿಗೂ ಬಿಚ್ಚಲು ಹೇಳಿಯೇ ಇರಲಿಲ್ಲ ಎಂದರು.

ಊಟಕ್ಕೆ ಕೂತಾಗ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮುದ್ದೆ ಮುರಿಯುತ್ತಾ, "ಹಂಗಾದ್ರೆ ಇನ್ನೂ ಹದಿನಾಕು ದಿನ ನಡುಮನೇಲಿ ಕಂಬ ಇರ್ತವೆ ಅನ್ನು" ಎಂದು ಹೇಳಿ, ನಾನು ನಗಲೋ ಬೇಡವೋ ಎಂದು ನೋಡುತ್ತಿರುವಾಗಲೇ ಉಪ್ಪಿನಕಾಯಿ ಕೇಳಿದರು.

ಯಜಮಾನರು ಹತ್ತೂವರೆಗೆ ಬಂದರು. ಟ್ಯಾಂಕರಿನವನು ನಾಳೆ ಬೆಳಿಗ್ಗೆ ಆರಕ್ಕೆ ಎಂದಿದ್ದಾನೆ, ಎಂಟಕ್ಕೆ ಬಂದರೆ ಪುಣ್ಯ. ಈಗ ಬರೆಯುತ್ತಿರುವಾಗ ಒಂದು ವಿಷಯ ನೆನಪಾಗಿ ಮನಸ್ಸು ನಿಲ್ಲುತ್ತಿಲ್ಲ. ಸಂಜೆ ಹೊರಗೆ ಬರುವಾಗ, ಬೀಮಿನ ಪೂರ್ವದ ತುದಿಯಲ್ಲಿ ಜ್ಯಾಕಿ ಸಾಲದೆ ಕೊಟ್ಟಿದ್ದ ಸರ್ವೆ ಮರದ ಕಂಬವೊಂದು ಕೆಳಗಿನ ಹಲಗೆಯ ಮೇಲೆ ಸರಿಯಾಗಿ ಕೂತಂತೆ ಕಾಣಲಿಲ್ಲ. ಮೇಲಿಂದ ಇಳಿದ ನೀರಿಗೆ ಅಲ್ಲಿನ ತುಂಬುಮಣ್ಣು ನೆನೆದು ಕುಸಿದಿರಬಹುದು, ಅಥವಾ ಮಬ್ಬಿನಲ್ಲಿ ನನ್ನ ಕಣ್ಣಿಗೆ ಹಾಗೆ ಕಂಡಿರಬಹುದು. ಟಾರ್ಚು ತೆಗೆದುಕೊಂಡು ಈಗಲೇ ಒಮ್ಮೆ ಹೋಗಿ ನೋಡೋಣವೆಂದು ಇವರನ್ನು ಎಬ್ಬಿಸಿದರೆ